ಎಂಟು ದಿನದ ವಾರ

ಯರಗಟ್ಟಿ

ಪರದೇಶಕ್ಕೆ ಹೋಗಿ ಬಂದವರನ್ನು ನಮ್ಮ ಯರಗಟ್ಟಿಯಲ್ಲಿ ಮೊದಲು ಕೇಳುವ ಪ್ರಶ್ನೆ ವಿಮಾನದ್ದಲ್ಲ, ಊಟದ್ದು. ಬೆಳಗಾವಿ ಬಸ್ಸಿಗೆ ನಿಂತಾಗ, ಸಂತೆಯಲ್ಲಿ ಬದನೆಕಾಯಿ ಆರಿಸುವಾಗ, ಶಾಲೆಯ ಗೇಟಿನಲ್ಲಿ ಯಾರಾದರೂ ನಿಲ್ಲಿಸಿ, "ಅಕ್ಕಾರ, ಅಲ್ಲಿ ಊಟಕ್ಕ ಏನ್ ಮಾಡಿದ್ರಿ?" ಎನ್ನುತ್ತಾರೆ. "ಅನ್ನ ಇತ್ರಿ, ರೊಟ್ಟಿ ಇರಲಿಲ್ರಿ" ಎಂದು ನಕ್ಕು ಮುಂದೆ ಹೋಗುತ್ತೇನೆ. ನಿಜವಾದ ಉತ್ತರ ಬಸ್ಸು ಬರುವುದರೊಳಗೆ ಮುಗಿಯುವಂಥದ್ದಲ್ಲ. ಅದನ್ನು ಇಲ್ಲಿ ಬರೆದಿದ್ದೇನೆ.

ನಾನು ಸುಜಾತಾ. ಹುಟ್ಟಿದ್ದು ರಾಮದುರ್ಗ ತಾಲೂಕಿನ ಸಾಲಹಳ್ಳಿಯಲ್ಲಿ. ಹತ್ತೊಂಬತ್ತು ವರ್ಷದಿಂದ ಯರಗಟ್ಟಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೇನೆ. ಕನ್ನಡದಲ್ಲಿ ಇಂಗ್ಲಿಷಿನ ಕತೆ ಹೇಳುತ್ತಿದ್ದೇನೆ ಎಂದರೆ ಇನ್ನೂ ಸರಿ. ಮನೆಯಲ್ಲಿ ನಾನು, ಅವ್ವ, ಗೋಡೆಯ ಮೇಲೆ ಎರಡು ಫೋಟೋ. ಒಂದು ಬುದ್ಧನದು. ಇನ್ನೊಂದು ನೀಲಿ ಕೋಟು ತೊಟ್ಟವರದು. ಅವರು ಯಾರೆಂದು ಕನ್ನಡ ಓದುಗರಿಗೆ ಹೇಳಬೇಕಾಗಿಲ್ಲ. ಬುದ್ಧನಿಗೆ ಪಾಯಸ ಕೊಟ್ಟ ಹೆಣ್ಣುಮಗಳ ಹೆಸರನ್ನು ಅಪ್ಪ ನನಗೆ ಇಟ್ಟಿದ್ದರು. ಈಗ ಅಪ್ಪ ಇಲ್ಲ.

ಹೊರಡುವ ಹುಚ್ಚು ಹಿಡಿಸಿದವರು ವಾಮನರಾವ್ ಸರ್. ಕಿತ್ತೂರಿನವರು, ನಮ್ಮ ಶಾಲೆಯಲ್ಲೇ ನನ್ನ ಜೊತೆ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಅವರ ಮನೆತನದ್ದು ತಲೆಮಾರುಗಳ ಪೌರೋಹಿತ್ಯ. ಇವರು ಮಾತ್ರ ಮಂತ್ರ ಬಿಟ್ಟು ಗ್ರಾಮರ್ ಹಿಡಿದರು. ಮನೆಯಲ್ಲಿ ಕೂತು ಬೇಸತ್ತು, ಹೊರದೇಶದ ಶಾಲೆಗಳಿಗೆ ಎರಡು ತಿಂಗಳ ಮಟ್ಟಿಗೆ ಇಂಗ್ಲಿಷ್ ಶಿಕ್ಷಕರನ್ನು ಕಳಿಸುವ ಒಂದು ಸಂಸ್ಥೆಯನ್ನು ಎಲ್ಲಿಂದಲೋ ಹುಡುಕಿ ತೆಗೆದರು. "ಅಕ್ಕಾರ, ನೀವೂ ಅರ್ಜಿ ಹಾಕ್ರಿ. ನಾ ಒಬ್ಬಾಂವ ಹೋದ್ರ ಅಲ್ಲಿ ಯಾರ ಜೋಡಿ ಜಗಳಾಡ್ಲಿ?" ಎಂದರು.

ಅರ್ಜಿಯಲ್ಲಿ ಮೂರು ದೇಶಗಳಿದ್ದವು: ಜಾರ್ಜಿಯಾ, ವಿಯೆಟ್ನಾಂ, ಲಾವೋಸ್. ನಾನು ಶಾಲೆಯ ಹಳೆಯ ನಕಾಶೆಯನ್ನು ಮನೆಗೆ ತಂದು ನೆಲದ ಮೇಲೆ ಹಾಸಿದೆ. ಅವ್ವ ಅದರ ಅಂಚಿನಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದಳು.

"ಇದ್ರಾಗ ಬುದ್ಧ ಎಲ್ಲಿ ಅದಾನು?"

ಎರಡು ಕಡೆ ತೋರಿಸಿದೆ. ಲಾವೋಸಿನಲ್ಲಿ ದಿನಾ ಮುಂಜಾನೆ ಭಿಕ್ಷುಗಳು ಸಾಲಾಗಿ ಊರಲ್ಲಿ ನಡೆದು ಹೋಗುತ್ತಾರಂತೆ ಎಂದೆ.

"ಹಂಗಾರ ಅಲ್ಲಿಗೇ ಹೋಗು. ನಾವು ಅವನ್ನ ಬರೇ ಫೋಟೋದಾಗ ನೋಡೇವಿ" ಎಂದಳು. ದೇಶವನ್ನು ಹಾಗೆ ಅವ್ವ ಆರಿಸಿದಳು. ಆ ದೇಶದಲ್ಲಿ ಊರನ್ನು ಆರಿಸುವ ಕೆಲಸ ನನಗೆ ಉಳಿಯಿತು. ಸಂಸ್ಥೆಯವರು ಮೊದಲ ವಾರ ಮೂರು ಊರು ತೋರಿಸುತ್ತಾರೆ. ಭಾನುವಾರ ಮಧ್ಯಾಹ್ನದೊಳಗೆ ನಮ್ಮದು ಯಾವುದೆಂದು ಹೇಳಬೇಕು.

ಹೊರಡುವ ದಿನ ಅವ್ವ ಜೋಳದ ಹಿಟ್ಟು, ಕಟಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿದಳು. ಆಮೇಲೆ ನನ್ನ ಗದ್ದ ಹಿಡಿದು ಹೇಳಿದಳು. "ಎಲ್ಲಿ ಇದ್ರೂ ನಿನ್ನ ಒಲಿ ನಿನಗಿರಲಿ. ಯಾರ ಬಾಗಲಿಗೂ ಉಣ್ಣಾಕ ಹೋಗಬ್ಯಾಡ."

ಅದು ನಮ್ಮ ಮನೆಯ ಕಟ್ಟಳೆ. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಆಯಿ ಸಾಲಹಳ್ಳಿಯಲ್ಲಿ ದಿನಾ ಇಳಿಹೊತ್ತಿಗೆ ಮನೆ ಮನೆಗೆ ಹೋಗಿ ರೊಟ್ಟಿ ಕೇಳಬೇಕಿತ್ತು. ಕೊಡುವವರು ಕಟ್ಟೆಯ ಮೇಲೆ ನಿಲ್ಲುತ್ತಿದ್ದರು. ಆಯಿ ಕೆಳಗೆ ಸೆರಗು ಒಡ್ಡುತ್ತಿದ್ದಳು. ಮುಟ್ಟಬಾರದೆಂದು ರೊಟ್ಟಿಯನ್ನು ಮೇಲಿನಿಂದ ಬಿಡುತ್ತಿದ್ದರು. ಒಂದು ದಿನ ಅದು ಸೆರಗು ತಪ್ಪಿ ಮಣ್ಣಿಗೆ ಬಿತ್ತಂತೆ. ಆಯಿ ಅದನ್ನೇ ಎತ್ತಿ, ಊದಿ, ಅಪ್ಪನಿಗೆ ಕೊಟ್ಟಳಂತೆ. ಅಪ್ಪ ಓದಿ ನೌಕರಿ ಹಿಡಿದ ಮೇಲೆ, ನಮ್ಮ ಮನೆಯಲ್ಲಿ ಇನ್ನು ಯಾರೂ ಕೈ ಒಡ್ಡಕೂಡದು ಎಂದರು. ಮದುವೆಗೆ ಹೋದರೂ ನಾವು ಮನೆಯಲ್ಲಿ ಉಂಡೇ ಹೋಗುವವರು. ಸ್ಟಾಫ್ ರೂಮಿನಲ್ಲಿ ಹತ್ತೊಂಬತ್ತು ವರ್ಷ ನನ್ನ ಡಬ್ಬಿ ನಾನೇ ಉಂಡಿದ್ದೇನೆ, ಇನ್ನೊಬ್ಬರ ಡಬ್ಬಿಗೆ ಕೈ ಹಾಕಿಲ್ಲ. ಅದಕ್ಕೆ ಕೆಲವರು ಸೊಕ್ಕು ಎನ್ನುತ್ತಾರೆ. ಇರಬಹುದು.

ವಿಯೆಂಟಿಯಾನ್

ಹಾರ್ನ್ ಬಾರಿಸದ ರಾಜಧಾನಿಯನ್ನು ನಾನು ನೋಡಿರಲಿಲ್ಲ. ಗಾಡಿಗಳು ಹೋಗುತ್ತಿದ್ದವು, ಬರುತ್ತಿದ್ದವು, ಯಾವುದಕ್ಕೂ ದನಿ ಇರಲಿಲ್ಲ. ದೀಪಾವಳಿ ಮುಗಿದ ದಿನಗಳು, ಬಿಸಿಲು ಹದವಾಗಿತ್ತು. ಮೆಕಾಂಗ್ ನದಿ ಊರ ಪಕ್ಕದಲ್ಲಿ ಮಲಗಿದ ಹಾಗೆ ಹರಿಯುತ್ತಿತ್ತು. ಆಚೆ ದಡ ಬೇರೆ ದೇಶ ಎಂದಾಗ ನಾನು ನಂಬಲಿಲ್ಲ. ನಮ್ಮ ಮಲಪ್ರಭೆಯ ಆಚೆ ದಡವೂ ನಮ್ಮದೇ ತಾಲೂಕು.

ನಮ್ಮನ್ನು ನೋಡಿಕೊಳ್ಳಲು ಸಂಸ್ಥೆ ಕೇವ್ ಎಂಬ ಹೆಣ್ಣುಮಗಳನ್ನು ನೇಮಿಸಿತ್ತು. ಮೂವತ್ತರ ಆಸುಪಾಸು, ಮೆಲ್ಲಗೆ ಇಂಗ್ಲಿಷ್ ಮಾತಾಡುವವಳು, ಪ್ರತಿ ಮಾತಿನ ಮೊದಲು ಒಮ್ಮೆ ನಗುವವಳು. ಅವಳು ತೋರಿಸಿದ ಮೊದಲ ಜಾಗ ಒಂದು ಭಾಷಾ ಕೇಂದ್ರ. ತಂಪು ಹವೆಯ ಕೋಣೆ, ಪರದೆಯ ಮೇಲೆ ಪಾಠ, ಕಲಿಯಲು ಬರುವವರು ಆಫೀಸಿನ ಜನ. ಉಳಿಯಲು ಸ್ವಂತ ಕೋಣೆ, ಅದರಲ್ಲಿ ಸ್ವಂತ ಗ್ಯಾಸ್ ಒಲೆ. ಒಲೆ ನೋಡಿ ನನ್ನ ಮನಸ್ಸು ಅರ್ಧ ಅಲ್ಲೇ ನಿಂತಿತು.

ಪರೀಕ್ಷಾರ್ಥ ಒಂದು ಪಾಠ ಮಾಡಿ ಎಂದರು. ಮೂವತ್ತು ಜನ ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದರು. ಒಬ್ಬರು ಒಂದು ವಾಕ್ಯ ಓದಿ ನಿಂತರು. ನನಗೆ ಅಭ್ಯಾಸ ನೋಡಿ, "ಹೂಂ, ಮುಂದ ಹೇಳ್ರಿ" ಎಂದುಬಿಟ್ಟೆ. ಮೂವತ್ತೂ ಜನ ಬೆನ್ನು ನೆಟ್ಟಗೆ ಮಾಡಿ ಒಕ್ಕೊರಲಿನಿಂದ, "ಹೂಂ, ಮುಂದ ಹೇಳ್ರಿ" ಎಂದರು. ಹಿಂದಿನ ಬೆಂಚಿನಲ್ಲಿದ್ದ ವಾಮನರಾವ್ ಸರ್ ಕರವಸ್ತ್ರ ಬಾಯಿಗೆ ತುರುಕಿಕೊಂಡು ಹೊರಗೆ ಓಡಿದರು. ಕೆಲವರು ಅದನ್ನು ವಹಿಯಲ್ಲಿ ಬರೆದುಕೊಂಡರು. ತಿದ್ದಲು ನನಗೆ ಧೈರ್ಯ ಬರಲಿಲ್ಲ.

ಸರ್‌ಗೆ ಆ ಊರಲ್ಲಿ ಬೇರೆಯೇ ಕಷ್ಟ. ಅವರು ಶುದ್ಧ ಸಸ್ಯಾಹಾರಿ, ಆ ದೇಶದಲ್ಲಿ ಸೊಪ್ಪಿನ ಪಲ್ಯಕ್ಕೂ ಮೀನಿನ ರಸ ಹಾಕುತ್ತಾರೆ. "ಅಕ್ಕಾರ, ಇಲ್ಲಿ ಬಾಳೆಹಣ್ಣಿಗೆ ಮೀನು ಹಚ್ಚೂದಿಲ್ಲಲ್ಲ?" ಎಂದು ಕೇಳಿ ಕೇಳಿ ತಿನ್ನುತ್ತಿದ್ದರು. ಪುಣ್ಯಕ್ಕೆ ಹುರಿದ ಶೇಂಗಾ ಎಲ್ಲೆಲ್ಲೂ ಸಿಗುತ್ತಿತ್ತು. ಅವರ ಅಂಗಿಯ ಎರಡೂ ಕಿಸೆಯಲ್ಲಿ ಶೇಂಗಾ.

ಲುವಾಂಗ್ ಪ್ರಬಾಂಗ್

ರೈಲು ಗುಡ್ಡದ ಹೊಟ್ಟೆಯೊಳಗೆ ಹೊಕ್ಕು ಹೊರಬಂದು, ಮತ್ತೆ ಹೊಕ್ಕು, ನಮ್ಮನ್ನು ಎರಡನೇ ಊರಿಗೆ ತಂದಿತು. ಇಲ್ಲಿ ಹೋಟೆಲಿನಲ್ಲಿ ದುಡಿಯುವವರಿಗೂ ಮಠದ ಕಿರಿಯ ಭಿಕ್ಷುಗಳಿಗೂ ಸಂಜೆ ಶಾಲೆ. ಇಲ್ಲೂ ಕೋಣೆ, ಇಲ್ಲೂ ಒಲೆ. ಓಣಿಯ ತುದಿಯಲ್ಲಿ ಒಂದು ಸಸ್ಯಾಹಾರಿ ಅಂಗಡಿ ಕಂಡದ್ದೇ ಸರ್ ಅಲ್ಲೇ ನಿಂತು, "ನಂದಂತೂ ಆರಿಸಿ ಆತ್ರಿ" ಎಂದರು.

ನಾನು ಕಾಯುತ್ತಿದ್ದದ್ದು ಮರುದಿನದ ಮುಂಜಾವಿಗೆ. ಬೆಳಗಾಗುವ ಹೊತ್ತಿಗೆ ಎರಡು ನದಿಗಳಿಂದ ಮಂಜು ಎದ್ದು ಓಣಿಗಳನ್ನು ತುಂಬಿತ್ತು. ಮನೆಗಳಿಗೆ ಬುಡವಿರಲಿಲ್ಲ, ಮರಗಳಿಗೆ ತುದಿಯಿರಲಿಲ್ಲ. ಕೇವ್ ನನ್ನ ಎಡ ಭುಜಕ್ಕೆ ಒಂದು ಶಲ್ಯ ಹೊದಿಸಿ, ಬಿದಿರಿನ ಬುಟ್ಟಿಯಲ್ಲಿ ಅಂಟಕ್ಕಿಯ ಬಿಸಿ ಅನ್ನ ಕೊಟ್ಟಳು. ಹೆಂಗಸರು ಭಿಕ್ಷುಗಳನ್ನು ಮುಟ್ಟಬಾರದು, ಅದೊಂದು ನೆನಪಿರಲಿ ಎಂದಳು. ರಸ್ತೆಯ ಅಂಚಿನಲ್ಲಿ ಜನ ಚಾಪೆ ಹಾಸಿ ಕುಳಿತಿದ್ದರು. ಎಲ್ಲೋ ನಗಾರಿ ಮೊಳಗಿತು. ಆಮೇಲೆ ಮಂಜಿನೊಳಗಿಂದ ಕಾವಿಬಣ್ಣ ಮೂಡಿತು. ಒಬ್ಬರು, ಇಬ್ಬರು, ಹತ್ತು ಜನ, ಎಲ್ಲರೂ ಬರಿಗಾಲು. ಅವ್ವನ ಫೋಟೋ ಗೋಡೆಯಿಂದಿಳಿದು ನಡೆದು ಬಂದಂತೆ ಕಂಡಿತು. ನನ್ನ ಕಣ್ಣುಗಳು ತುಂಬಿದ್ದವು.

ಮುಟ್ಟಬಾರದು ಎಂಬ ಮಾತೊಂದೇ ನನ್ನ ತಲೆಯಲ್ಲಿತ್ತು. ಹಿಂದೆ ಮುಚ್ಚಿದ ಅಂಗಡಿಯೊಂದರ ಕಟ್ಟೆ ಇತ್ತು. ನಾನು ಅದರ ಮೇಲೆ ಹತ್ತಿ ನಿಂತೆ. ಭಿಕ್ಷು ಹತ್ತಿರ ಬಂದಾಗ ಕೈ ಉದ್ದ ಚಾಚಿ, ಅನ್ನದ ಉಂಡೆಯನ್ನು ಮೇಲಿನಿಂದ ಅವರ ಪಾತ್ರೆಗೆ ಬಿಟ್ಟೆ. ಎರಡನೆಯವರಿಗೂ ಬಿಟ್ಟೆ. ಮೂರನೆಯ ಉಂಡೆ ಪಾತ್ರೆಯ ಅಂಚಿಗೆ ತಾಗಿ ರಸ್ತೆಗೆ ಬಿತ್ತು.

ಪಕ್ಕದಲ್ಲಿ ಕುಳಿತಿದ್ದ ಮುದುಕಿಯೊಬ್ಬಳು ನನ್ನ ಸೀರೆಯ ಸೆರಗು ಹಿಡಿದು ಕೆಳಗೆ ಎಳೆದಳು. ಸಿಟ್ಟಿನಿಂದಲ್ಲ, ಮಗುವನ್ನು ಎಳೆದ ಹಾಗೆ. ಆಗ ನೋಡಿದೆ. ಆ ಉದ್ದ ರಸ್ತೆಯಲ್ಲಿ ಕೊಡುವವರೆಲ್ಲ ಮೊಣಕಾಲೂರಿ ಕುಳಿತಿದ್ದರು. ತೆಗೆದುಕೊಳ್ಳುವವರು ನಿಂತಿದ್ದರು. ಅನ್ನ ಕೆಳಗಿನಿಂದ ಮೇಲೆ ಹೋಗುತ್ತಿತ್ತು.

ನಾನು ಇಳಿದು ಮೊಣಕಾಲೂರಿದೆ. ಮುಟ್ಟಬಾರದು ಎಂದ ತಕ್ಷಣ ನನ್ನ ಮೈಗೆ ಗೊತ್ತಿದ್ದದ್ದು ಒಂದೇ ರೀತಿ. ನನ್ನ ಆಯಿಗೆ ಹೇಗೆ ಕೊಟ್ಟರೋ ಹಾಗೆಯೇ ನಾನು ಕೊಟ್ಟಿದ್ದೆ. ಅದೂ ಬುದ್ಧನ ದಾರಿಯಲ್ಲಿ ನಡೆಯುವವರಿಗೆ. ನನಗೆ ಆಗ ಆದ ನಾಚಿಕೆಯನ್ನು ಈಗ ಬರೆಯುವಾಗಲೂ ಮುಖ ಬಿಸಿಯಾಗುತ್ತದೆ. ರಸ್ತೆಗೆ ಬಿದ್ದ ಉಂಡೆಯನ್ನು ಒಂದು ನಾಯಿ ಬಂದು ತಿಂದಿತು. ಮಂಜು ಕರಗುವವರೆಗೆ ನಾನು ಅಲ್ಲಿಂದ ಏಳಲಿಲ್ಲ.

ದೋಣಿಯಲ್ಲಿ

ಮೂರನೆಯ ಊರಿಗೆ ರಸ್ತೆ ಇತ್ತು, ಆದರೆ ಮಳೆಗಾಲದಲ್ಲಿ ಕುಸಿದದ್ದನ್ನು ಇನ್ನೂ ಕಟ್ಟಿರಲಿಲ್ಲ. ಹಾಗಾಗಿ ಉದ್ದನೆಯ ಕಿರಿದಾದ ದೋಣಿಯಲ್ಲಿ ಉಪನದಿಯೊಂದರ ಮೇಲೆ ಐದು ತಾಸು. ನೀರು ಹಸಿರು, ಗುಡ್ಡ ನೀಲಿ, ಇಂಜಿನ್ನಿನ ಸದ್ದು ಒಂದೇ ಸಮ. ಎಚ್ಚರವಿದ್ದೇನೋ ನಿದ್ದೆಯಲ್ಲಿದ್ದೇನೋ ತಿಳಿಯದ ಹಾಗೆ ಕುಳಿತಿದ್ದೆ. ದಡದಲ್ಲಿ ಎಮ್ಮೆಗಳು ಕುತ್ತಿಗೆಯವರೆಗೆ ಮುಳುಗಿ ನಮ್ಮನ್ನು ನೋಡುತ್ತಿದ್ದವು. ಎಮ್ಮೆಯ ಮುಖ ಮಾತ್ರ ಎಲ್ಲಾ ದೇಶದಲ್ಲೂ ಒಂದೇ.

ಆ ಊರ ಪದ್ಧತಿಯನ್ನು ಕೇವ್ ದೋಣಿಯಲ್ಲೇ ಹೇಳಿದಳು. "ಅಲ್ಲಿ ಶಿಕ್ಷಕರಿಗೆ ಒಲೆ ಇಲ್ಲ. ಏಳು ಮನೆಗಳು ಒಪ್ಪಿಕೊಂಡಿವೆ, ದಿನಕ್ಕೊಂದು ಮನೆಯಲ್ಲಿ ನಿಮ್ಮ ಊಟ, ಮನೆಯವರ ಜೊತೆ ಒಂದೇ ಬುಟ್ಟಿಯ ಅನ್ನ. ಎರಡು ವರ್ಷದ ಹಿಂದೆ ಇಬ್ಬರು ಬಂದಿದ್ದರು. ಎರಡೇ ದಿನಕ್ಕೆ ಹೋದರು."

ಸರ್ ಕುಳಿತಲ್ಲೇ ಕುಣಿದರು. "ಅರೆ, ಇದು ನಮ್ಮ ವಾರಾನ್ನ ಆತಲ್ರೀ!" ಎಂದು, ಕೇವ್‌ಗೆ ಇಂಗ್ಲಿಷಿನಲ್ಲಿ ವಿವರಿಸತೊಡಗಿದರು. ಹಿಂದೆ ಧಾರವಾಡಕ್ಕೆ ಓದಲು ಬಂದ ಬಡ ಹುಡುಗರು ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ವಾರವಿಡೀ ಏಳು ಮನೆಗಳಲ್ಲಿ ಉಂಡು ಕಲಿಯುತ್ತಿದ್ದರು. ಅವರ ತಂದೆಯೂ ಹಾಗೇ ಕಲಿತವರು. ಆಮೇಲೆ ನನ್ನ ಕಡೆ ತಿರುಗಿದರು. "ಇವತ್ತಿಗೂ ಹಬ್ಬದ ದಿವಸ ನಮ್ಮ ಮನ್ಯಾಗ ಆ ಏಳೂ ಮನಿ ಹೆಸರು ನೆನಸತೇವ್ರಿ."

"ನಮ್ಮ ಆಯಿನೂ ಮನಿ ಮನಿಗೆ ಹೋಗತಿದ್ಲು, ಸರ್" ಎಂದೆ. "ನಾವು ಆ ಮನಿ ಹೆಸರು ತೆಗೆಯೂದಿಲ್ಲ."

ಹೇಳಬೇಕೆಂದು ಹೇಳಿದ್ದಲ್ಲ, ಬಂದುಬಿಟ್ಟಿತು. ಹತ್ತೊಂಬತ್ತು ವರ್ಷದಲ್ಲಿ ನಾನು ಅವರಿಗೆ ಅದನ್ನು ಹೇಳಿರಲಿಲ್ಲ. ಸರ್ ಬಾಯಲ್ಲಿದ್ದ ಶೇಂಗಾವನ್ನು ಅಗಿಯುವುದು ನಿಲ್ಲಿಸಿದರು. ಕೇವ್‌ಗೆ ಕನ್ನಡ ತಿಳಿಯದಿದ್ದರೂ ಏನೋ ತಿಳಿಯಿತು, ಅವಳು ನೀರಿನ ಕಡೆ ನೋಡಿದಳು. ನಾನು ಮನಸ್ಸಿನಲ್ಲೇ ಆರಿಸಿಬಿಟ್ಟಿದ್ದೆ: ಊರು ನೋಡುವುದು, ವಾಪಸ್ ವಿಯೆಂಟಿಯಾನ್‌ಗೆ ಹೋಗುವುದು, ನನ್ನ ಒಲೆ ನಾನು ಹಚ್ಚಿಕೊಳ್ಳುವುದು.

ಹೊಳೆಯ ಊರು

ಆ ಊರಿನ ಹೆಸರನ್ನು ನನ್ನ ನಾಲಿಗೆ ಒಮ್ಮೆಯೂ ಸರಿಯಾಗಿ ಹೇಳಲಿಲ್ಲ. ನಾನು ಹೇಳಿದಾಗಲೆಲ್ಲ ಜನ ನಗುತ್ತಿದ್ದರು. ಹಾಗಾಗಿ ಹೊಳೆಯ ಊರು ಎಂದೇ ಕರೆಯುತ್ತೇನೆ. ಕಂಬಗಳ ಮೇಲೆ ನಿಂತ ಮರದ ಮನೆಗಳು, ಮನೆಯ ಕೆಳಗೆ ಮಗ್ಗ, ಮಗ್ಗದ ಕೆಳಗೆ ಕೋಳಿ. ರಾಮದುರ್ಗದ ನೇಕಾರರ ಓಣಿಯಲ್ಲಿ ಕೇಳುವ ಅದೇ ಸದ್ದು ಇಲ್ಲಿ ಮಾವಿನ ಮರಗಳ ನಡುವೆ ಕೇಳಿದಾಗ ನಾನು ಒಂದು ಕ್ಷಣ ದಿಕ್ಕು ತಪ್ಪಿ ನಿಂತೆ.

ಶಾಲೆಯ ಬಾಗಿಲ ಪಕ್ಕ ಒಂದು ಮರದ ಹಲಗೆ ತೂಗುಹಾಕಿದ್ದರು. ಅದರಲ್ಲಿ ಏಳು ತೂತು, ಪ್ರತಿ ತೂತಿನ ಮೇಲೆ ಒಂದು ಚಿತ್ರ: ಮೀನು, ಮಾವು, ಕೋಳಿ, ದೋಣಿ, ಹೀಗೆ. ಒಂದು ಬಿದಿರಿನ ಗೂಟವನ್ನು ದಿನಾ ಒಂದು ತೂತಿನಿಂದ ಮುಂದಿನದಕ್ಕೆ ಚುಚ್ಚಬೇಕು. ಗೂಟ ಎಲ್ಲಿದೆಯೋ ಆ ಮನೆಯಲ್ಲಿ ಅಂದು ಶಿಕ್ಷಕರ ಊಟ. ಹಲಗೆಯ ಜವಾಬ್ದಾರಿ ಮೇ ಚಾನ್ ಎಂಬ ಅಜ್ಜಿಯದು. ಅಲ್ಲಿ ಮೇ ಎಂದರೆ ಅವ್ವ. ಎಲೆಯಡಿಕೆ ಹಾಕಿ ಕೆಂಪಾದ ಬಾಯಿ, ಸೊಂಟದಲ್ಲಿ ಕೀಲಿ ಗೊಂಚಲು. ಸುರೇಬಾನದ ನನ್ನ ಚಿಗವ್ವನೇ ಅಲ್ಲಿ ಹುಟ್ಟಿ ಬಂದ ಹಾಗಿದ್ದಳು. ಶಿಕ್ಷಕರಿಲ್ಲದ ಎರಡು ವರ್ಷವೂ ಅವಳು ಗೂಟವನ್ನು ದಿನಾ ಬದಲಿಸುತ್ತಲೇ ಇದ್ದಳಂತೆ. ಬಂದರೆ ಲೆಕ್ಕ ತಪ್ಪಬಾರದಲ್ಲ ಎಂದಳು.

ಮಧ್ಯಾಹ್ನ ಮಕ್ಕಳಿಗೆ ಪಾಠ ಮಾಡಿದೆ. ನಲವತ್ತು ಮಕ್ಕಳು. ಒಬ್ಬೊಬ್ಬರನ್ನು ಕೇಳಿದರೆ ತಲೆ ಮೇಜಿಗೆ ಇಳಿಯುತ್ತಿತ್ತು. ಎಲ್ಲರೂ ಕೂಡಿ ಎಂದರೆ ಮಾಡು ಹಾರುವ ಹಾಗೆ ಕೂಗುತ್ತಿದ್ದರು. ನನ್ನ ಯರಗಟ್ಟಿಯ ಮಕ್ಕಳೂ ಹೀಗೇ. ಗಂಟೆ ಹೊಡೆದದ್ದೇ ಗೊತ್ತಾಗಲಿಲ್ಲ. ಹೊರಡುವಾಗ ಮೊದಲ ಸಾಲಿನ ಹುಡುಗಿಯೊಬ್ಬಳು ಕೇವ್‌ಳನ್ನು ಏನೋ ಕೇಳಿದಳು. ಕೇವ್ ಹೇಳಲು ಹಿಂಜರಿದಳು, ನಾನು ಬಿಡಲಿಲ್ಲ.

"ಇವರೂ ಚೀಲದಲ್ಲಿ ತಂದದ್ದನ್ನು ತಿಂದು ಹೋಗಿಬಿಡುತ್ತಾರಾ ಎಂದು ಕೇಳುತ್ತಿದ್ದಾಳೆ."

ಅವತ್ತು ಗೂಟ ಮೀನಿನ ಚಿತ್ರದಲ್ಲಿತ್ತು. ಸಂಜೆ ಮೀನಿನ ಮನೆಯಾಕೆ, ನನ್ನ ವಯಸ್ಸಿನವಳು, ಕರೆಯಲು ಬಂದಳು. ಹೊಟ್ಟೆನೋವು ಎಂದು ಕೈಸನ್ನೆ ಮಾಡಿದೆ. ಅವಳು ನನ್ನನ್ನು ಕ್ಷಣಹೊತ್ತು ನೋಡಿ ಹೋದಳು. ಕೇವ್ ಮತ್ತು ಸರ್ ಅವಳ ಹಿಂದೆ ಹೋದರು. ನಾನು ಶಾಲೆಯವರು ಕೊಟ್ಟ ಕೋಣೆಯ ಬಾಗಿಲು ಹಾಕಿಕೊಂಡು ಅವ್ವನ ಬುತ್ತಿ ಬಿಚ್ಚಿದೆ. ಕಟಿ ರೊಟ್ಟಿಯನ್ನು ಕದ್ದು ತಿನ್ನಲು ಆಗುವುದಿಲ್ಲ. ಮುರಿದಾಗೊಮ್ಮೆ ಕಟಕ್ ಎಂದು ಸದ್ದಾಗಿ, ಬಿದಿರಿನ ಗೋಡೆಯಾಚೆ ಕೋಳಿಗಳು ಗಾಬರಿಯಾದವು. ಅರ್ಧಕ್ಕೇ ಬಿಟ್ಟು ಮಲಗಿದೆ.

ಭಾನುವಾರ

ಬೆಳಗ್ಗೆ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಮುಚ್ಚಿದ ಒಂದು ಬೋಗುಣಿ. ಕೆಳಗಿನ ಕೊನೆಯ ಮೆಟ್ಟಿಲಲ್ಲಿ ಮೀನಿನ ಮನೆಯಾಕೆ ಬೆನ್ನು ಮಾಡಿ ಕುಳಿತಿದ್ದಳು. ಮಂಜು ಅವಳ ಕೂದಲಲ್ಲಿ ಹನಿಯಾಗಿ ನಿಂತಿತ್ತು. ಎಷ್ಟು ಹೊತ್ತಿನಿಂದ ಕುಳಿತಿದ್ದಳೋ. ನನ್ನ ಸಪ್ಪಳ ಕೇಳಿ ತಿರುಗಿ, ತನ್ನ ಹೊಟ್ಟೆ ಮುಟ್ಟಿಕೊಂಡು, ಬೋಗುಣಿಯ ಕಡೆ ತೋರಿಸಿದಳು. ಮುಚ್ಚಳ ತೆಗೆದೆ. ಅಕ್ಕಿಯ ತೆಳ್ಳನೆಯ ಗಂಜಿ, ಮೇಲೆ ಎರಡು ಚೂರು ಶುಂಠಿ. ಹೊಟ್ಟೆನೋವಿದ್ದವರಿಗೆ ಮಾಡುವಂಥದ್ದು.

ನನ್ನ ಸುಳ್ಳನ್ನು ಅವಳು ನಂಬಿ ನಸುಕಿಗೇ ಎದ್ದು ಗಂಜಿ ಕಾಯಿಸಿದ್ದಳು. ನನಗೆ ಅಳು ಬಂತು. ಕೈ ಹಾಕಲೂ ಆಗಲಿಲ್ಲ, ಒಳಗೆ ಹೋಗಲೂ ಆಗಲಿಲ್ಲ. ಅಲ್ಲಿಯೇ ನಿಂತು ಅವ್ವನಿಗೆ ಫೋನ್ ಹಚ್ಚಿದೆ. ಆ ಮೆಟ್ಟಿಲಲ್ಲಿ ಒಂದೇ ಒಂದು ಕಡ್ಡಿ ಸಿಗ್ನಲ್ ಸಿಗುತ್ತಿತ್ತು. ಏಳು ಮನೆ, ಹಲಗೆ, ಗೂಟ, ಗಂಜಿ, ಎಲ್ಲಾ ಒಂದೇ ಉಸಿರಿಗೆ ಹೇಳಿದೆ. ಅವ್ವ ಮೊದಲು ಗಂಜಿ ತಂದವಳನ್ನೇ ಕೇಳಿದಳು.

"ಆಕಿ ಎಲ್ಲಿ ಕುಂತಾಳ ಈಗ?"

"ಕೆಳಗಿನ ಮೆಟ್ಟಲ ಮ್ಯಾಲೆ."

"ನೀ?"

"ನಾ ಮ್ಯಾಲೆ ನಿಂತೇನಿ."

"ಮುಟ್ಟಬ್ಯಾಡ ಅಂದಾಳೇನು?"

"ಇಲ್ಲವ್ವ. ಅವರ ಮನ್ಯಾಗ ಎಲ್ಲಾರೂ ಒಂದ ಬುಟ್ಟಿ ಅನ್ನಕ್ಕ ಕೈ ಹಾಕಿ ಉಣತಾರಂತ. ನನ್ನ ಕೈನೂ ಅದ್ರಾಗ ಇರಬೇಕಂತ."

ಅವ್ವನ ಎಂದಿನ ದನಿ ಬಂತು. "ಗಂಜಿ ಆರಾಕ ಹತ್ತೈತಿ, ನೀ ಫೋನ್ ಹಿಡಕೊಂಡು ನಿಂತಿ? ಉಣ್ಣು. ನಿಮ್ಮಪ್ಪ ಬ್ಯಾಡಂದಿದ್ದು ಇದಕ್ಕಲ್ಲ." ಇಡುವ ಮೊದಲು ಮತ್ತೆ ಹೇಳಿದಳು. "ಆದ್ರ ಸುಜಾತಾ, ಬರೇ ಉಂಡು ಬರಬ್ಯಾಡ. ನಿಂದೂ ಒಂದು ಪಾಳಿ ಕೇಳು."

ನಾನು ಬೋಗುಣಿ ಎತ್ತಿಕೊಂಡು ಇಳಿದು, ಮೀನಿನ ಮನೆಯಾಕೆಯ ಪಕ್ಕ ಅದೇ ಮೆಟ್ಟಿಲಲ್ಲಿ ಕುಳಿತು ಗಂಜಿ ಕುಡಿದೆ. ಉಪ್ಪು ತುಸು ಕಡಿಮೆಯಿತ್ತು. ಅವಳು ನನ್ನ ಪ್ರತಿ ಗುಟುಕನ್ನೂ ನೋಡುತ್ತಿದ್ದಳು. ನನ್ನ ಜೀವನದಲ್ಲಿ ಇನ್ನೊಬ್ಬರ ಮನೆಯ ಊಟ ಅದೇ ಮೊದಲು. ನಲವತ್ತಾರು ವರ್ಷ ಕಾಯಬೇಕಾಯಿತು.

ಮೇ ಚಾನ್‌ಗೆ ಇಲ್ಲೇ ಉಳಿಯುತ್ತೇನೆ, ಆದರೆ ಉಣಿಸಲು ನನಗೂ ಒಂದು ಪಾಳಿ ಬೇಕು ಎಂಬ ನನ್ನ ಷರತ್ತನ್ನು ಕೇವ್ ಹೇಳಿದಾಗ ಅಜ್ಜಿಗೆ ಅರ್ಥವೇ ಆಗಲಿಲ್ಲ. ಅತಿಥಿ ಉಣಿಸುವುದೆಂದರೇನು? ಮೇಲಾಗಿ ವಾರಕ್ಕೆ ಏಳೇ ದಿನ, ಹಲಗೆಗೆ ಏಳೇ ತೂತು. ಯಾವ ಮನೆಯನ್ನು ಬಿಡಿಸುವುದು? ಬಿಟ್ಟ ಮನೆಯವರು ಸುಮ್ಮನಿರುತ್ತಾರೆಯೇ? ಅವಳು ಎಲೆಯಡಿಕೆ ಅಗಿಯುತ್ತ ಹಲಗೆಯನ್ನೇ ನೋಡಿದಳು. ಆಮೇಲೆ 'ಹೋ' ಎಂದು ನಕ್ಕು, ಒಲೆಯಲ್ಲಿ ಕಬ್ಬಿಣದ ಸಲಾಕೆ ಕಾಯಿಸಿ ತಂದು, ಹಲಗೆಯ ತುದಿಯಲ್ಲಿ ಎಂಟನೆಯ ತೂತು ಕೊರೆದಳು. ಹೊಗೆ ಎದ್ದಿತು. ನಿನ್ನ ಮನೆಯ ಗುರುತು ಯಾವುದು ಎಂದು ಕೇಳಿದಳು. ನಾನು ಸೀಮೆಸುಣ್ಣದಲ್ಲಿ ಒಂದು ರೊಟ್ಟಿ ಬರೆದೆ. ಮಕ್ಕಳು ಅದನ್ನು ಚಂದ್ರ ಎಂದುಕೊಂಡರು. ಇರಲಿ ಬಿಡು ಎಂದು ಸುಮ್ಮನಾದೆ.

ಮಧ್ಯಾಹ್ನ ದೋಣಿ ಹೊರಟಿತು. ಸರ್ ಲುವಾಂಗ್ ಪ್ರಬಾಂಗಿಗೆ, ಕೇವ್ ಅವರ ಜೊತೆಗೆ. ಒಂದು ಕಾಲು ದೋಣಿಯಲ್ಲಿಟ್ಟ ಸರ್ ಮತ್ತೆ ದಡಕ್ಕೆ ಬಂದರು.

"ಅಕ್ಕಾರ, ನಿನ್ನೆಯಿಂದ ನನಗ ಊಟ ಸೇರವಲ್ದು. ಮೀನಿನ ದೆಸಿಂದ ಅಲ್ರಿ" ಎಂದರು. ಕನ್ನಡಕ ತೆಗೆದು ಒರೆಸಿದರು. "ಕಿತ್ತೂರಾಗ ನಮ್ಮ ಹಿತ್ತಲ ಬಾಗಲಿಗೂ ರೊಟ್ಟಿ ಕೇಳಾಕ ಬರತಿದ್ರು. ನಾ ಸಣ್ಣಾಂವ ಇದ್ದಾಗ ನನ್ನ ಕೈಲೇ ಕೊಡಸ್ತಿದ್ರು. ಮ್ಯಾಲಿಂದಲೇ ಹಾಕೇನಿ. ಅದ್ರಾಗೇನೂ ತಪ್ಪು ಕಾಣಲಿಲ್ಲ ನನಗ ಆಗ. ನಮ್ಮ ಅಪ್ಪನ ಏಳು ಮನಿ ಮಾತ್ರ ಬಾಯಿಪಾಠ."

ಪರವಾಗಿಲ್ಲ ಸರ್ ಎನ್ನಬಹುದಿತ್ತು. ಅದು ನಾನು ಹೇಳಬಹುದಾದ ಮಾತಾಗಿರಲಿಲ್ಲ, ಹಾಗಾಗಿ ಹೇಳಲಿಲ್ಲ. ಅವರು ಕಿಸೆಯಿಂದ ಒಂದು ಹಿಡಿ ಶೇಂಗಾ ತೆಗೆದು ಅಂಗೈಯಲ್ಲಿ ಹಿಡಿದು ನಿಂತರು. ನಾನು ಅವರ ಅಂಗೈಯಿಂದ ಅವನ್ನು ಆರಿಸಿಕೊಂಡು ತಿಂದೆ. ದೋಣಿ ತಿರುವು ದಾಟುವವರೆಗೆ ಅವರು ಕೈ ಬೀಸುತ್ತಿದ್ದರು.

ಎಂಟನೆಯ ದಿನ

ಏಳು ದಿನಕ್ಕೆ ಏಳು ಮನೆ ಉಂಡೆ. ಸುಟ್ಟ ಮೆಣಸಿನಕಾಯಿ ಕುಟ್ಟಿ ಮಾಡುವ ಅವರ ಚಟ್ನಿ ನಮ್ಮ ರಂಜಕದ ತಂಗಿ. ಅಂಟನ್ನವನ್ನು ಬೆರಳಲ್ಲಿ ಹಿಸುಕಿ ಅದಕ್ಕೆ ಅದ್ದಿ ತಿನ್ನುವಾಗ ಕಣ್ಣು ಮುಚ್ಚಿದರೆ ಸಾಲಹಳ್ಳಿ. ಎಂಟನೆಯ ದಿನ ನಸುಕಿಗೇ ಮೇ ಚಾನ್ ತನ್ನ ಒಲೆ ಬಿಟ್ಟುಕೊಟ್ಟಳು. ಹಲಗೆಯಲ್ಲಿ ಗೂಟ ನನ್ನ ಚಂದ್ರನ ಕೆಳಗಿತ್ತು.

ಜೋಳದ ಹಿಟ್ಟು ದಾರಿಯಲ್ಲಿ ಹಳತಾಗಿ ಜಿಗಿ ಕಳೆದುಕೊಂಡಿತ್ತು. ಮೊದಲ ಎರಡು ರೊಟ್ಟಿ ಬಡಿಯುವಾಗಲೇ ಹರಿದವು. ಹಂಚು ಇರಲಿಲ್ಲ, ಇದ್ದದ್ದು ತಳ ಗುಂಡಗಿನ ಬಾಣಲೆ. ಹಾಗಾಗಿ ನನ್ನ ರೊಟ್ಟಿಗಳೆಲ್ಲ ಬಟ್ಟಲಿನ ಆಕಾರದಲ್ಲಿ ಬೆಂದು ಬಂದವು. ಅವ್ವ ನೋಡಿದ್ದರೆ ಬಾಯಿಗೆ ಬಂದಂತೆ ಬೈಯುತ್ತಿದ್ದಳು. ಬಡಿಯುವ ಸದ್ದಿಗೆ ಏಳೂ ಮನೆಯ ಹೆಂಗಸರು ಎದ್ದು ಬಂದು ಸುತ್ತ ಕುಳಿತರು. ಮೀನಿನ ಮನೆಯಾಕೆ ತಾನೂ ಒಂದು ಬಡಿಯಲು ಹೋಗಿ ಮೊಣಕೈಯವರೆಗೆ ಹಿಟ್ಟಾದಳು.

ಯಾರ ಪಾಳಿಯೋ ಅವರದೇ ಮೊದಲ ತುತ್ತು ಭಿಕ್ಷುವಿಗೆ. ಆ ಊರ ಮಠದಲ್ಲಿ ಇದ್ದದ್ದು ಒಬ್ಬರೇ ವೃದ್ಧರು. ಮಂಜಿನಲ್ಲಿ ಅವರು ಬಂದದ್ದು ಕಾಣಲಿಲ್ಲ, ಎದುರಿಗೆ ನಿಂತಾಗಲೇ ಕಂಡರು. ನಾನು ಚಾಪೆಯ ಮೇಲೆ ಮೊಣಕಾಲೂರಿದ್ದೆ. ರೊಟ್ಟಿ ಪಾತ್ರೆಯ ಬಾಯಿಗಿಂತ ದೊಡ್ಡದಿತ್ತು. ಅವರು ಅವಸರ ಮಾಡದೆ ಕಾದರು. ನಾನು ಅದನ್ನು ನಾಲ್ಕು ಚೂರು ಮಾಡಿ, ಎರಡೂ ಕೈಯಲ್ಲಿ ಹಿಡಿದು ಎತ್ತಿ, ಒಂದೊಂದಾಗಿ ಒಳಗಿಟ್ಟೆ. ಅವರು ಹರಸಿ, ಮಂಜಿನೊಳಗೆ ಹೋದರು.

ಆ ದಿನ ಊರೆಲ್ಲ ನನ್ನ ಬಟ್ಟಲು ರೊಟ್ಟಿ ತಿಂದಿತು. ಮಕ್ಕಳು ಅದರೊಳಗೆ ಚಟ್ನಿ ತುಂಬಿ, ಮೊದಲು ಚಟ್ನಿ ನೆಕ್ಕಿ, ಆಮೇಲೆ ಬಟ್ಟಲನ್ನೇ ತಿಂದರು. ಅವ್ವ ಕಟ್ಟಿದ ಹಿಟ್ಟು ಅರ್ಧ ಮುಗಿಯಿತು. ಮರುದಿನ ಗೂಟ ಮತ್ತೆ ಮೀನಿಗೆ ಬಂತು, ಆದರೆ ಒಂದು ದಿನ ತಡವಾಗಿ. ಅಲ್ಲಿಂದ ಮುಂದೆ ಆ ಊರಲ್ಲಿ ನನಗೆ ಸೋಮವಾರ, ಮಂಗಳವಾರ ಎಂಬುದು ಮರೆತೇಹೋಯಿತು. ವಾರಕ್ಕೆ ಎಂಟು ದಿನ ಎಂದೇ ಎಣಿಸಿ ಎರಡು ತಿಂಗಳು ಕಳೆದೆ.

ಆ ಎಂಟನೆಯ ದಿನದ ಸಂಜೆ ಮೆಟ್ಟಿಲಲ್ಲಿ ಕುಳಿತು ಅವ್ವನಿಗೆ ಫೋನ್ ಮಾಡಿದೆ. ಯರಗಟ್ಟಿಯ ಬಸ್ಸುಗಳ ಹಾರ್ನ್ ಅವಳ ಹಿಂದೆ ಕೇಳುತ್ತಿತ್ತು.

"ಕೊಟ್ಟಿಯೇನ?"

"ಕೊಟ್ಟೆನವ್ವ. ಮೊದಲ ರೊಟ್ಟಿ ಭಿಕ್ಷುಗಳಿಗೆ."

"ನಿನ್ನ ಕೈ ಎಲ್ಲಿತ್ತು?"

"ಕೆಳಗ. ಅವರ ಪಾತ್ರಿ ನನ್ನ ಹಣಿಗಿಂತ ಮ್ಯಾಲಿತ್ತು."

ಹಾರ್ನಿನ ಸದ್ದು ದೂರವಾಯಿತು, ಅವ್ವ ಒಳಕೋಣೆಗೆ ಹೋಗಿರಬೇಕು. ಮತ್ತೆ ಮಾತಾಡಿದಾಗ ಅವಳ ದನಿ ಸಣ್ಣದಾಗಿತ್ತು.

"ನೆಲಕ್ಕ ಬಿತ್ತೇನು?"

"ಇಲ್ಲವ್ವ" ಎಂದೆ. "ಒಂದು ಚೂರೂ ಬೀಳಲಿಲ್ಲ."